ಮೂವತ್ತೆರಡರ ಕಾಟ

ಕೆಲವರಿಗೆ ಶನಿಕಾಟ ಏಳೂವರೆ ವರ್ಷ. ನನ್ನ ಮೂವತ್ತೆರಡರ ಕಾಟಕ್ಕೆ ಮುಗಿಯುವ ಲಕ್ಷಣವೇ ಇಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಮೀಟರು ನೋಡುವುದು ನನ್ನ ಕೆಲಸ. ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್ ಮಾಡಲು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸು ಎಂದು ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಯಾವಾಗ ಕೂಡಿಸಬಾರದು ಎಂಬುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಮಗಳ ಜ್ವರ

ಮಗಳ ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯಿತು. ನಮ್ಮ ಉಡುಪಿ ಕಡೆಯ ಹಳೇ ಡಾಕ್ಟರಿಗೆ ಫ್ಯಾರನ್‌ಹೀಟೇ ಆಗಬೇಕು. ಲೆಕ್ಕ ಹಾಕಿ ಫೋನಿನಲ್ಲಿ, "ಸುಮಾರು ಮೂವತ್ತನಾಲ್ಕು ಡಿಗ್ರಿ ಇಳಿದಿದೆ ಡಾಕ್ಟ್ರೇ" ಎಂದೆ.

"ಮಗು ಹಾಸಿಗೆಯಲ್ಲಿ ಉಂಟಾ, ಫ್ರಿಜ್ಜಿನಲ್ಲಿ ಉಂಟಾ ಮಾರಾಯ್ರೆ?"

ಪಾಪ, ವಯಸ್ಸಾಯಿತು, ಲೆಕ್ಕ ಮರೆತಿದ್ದಾರೆ ಎಂದುಕೊಂಡೆ.

ಪೈಪಿನ ಫರಕು

ಕಾರ್ಖಾನೆಯಲ್ಲಿ ತಣ್ಣೀರಿನ ಪಂಪು ನೋಡಿಕೊಳ್ಳುವವರು ಕಲಬುರಗಿಯ ಕಾಕಾ. ನೀರು ಒಳಹೋಗುವ ಪೈಪಿಗೂ ಹೊರಬರುವ ಪೈಪಿಗೂ ಐದು ಡಿಗ್ರಿ ಸೆಲ್ಸಿಯಸ್ ಫರಕು ಇತ್ತು. ಪರದೇಶದ ಗಿರಾಕಿಗೆ ಫ್ಯಾರನ್‌ಹೀಟ್ ಬೇಕೆಂದು ನಾನು ನಲವತ್ತೊಂದು ಎಂದು ಬರೆದುಕೊಟ್ಟೆ. ಒಂಬತ್ತಿರಬೇಕಾದ ಜಾಗ ಅದು.

ಅಷ್ಟು ಫರಕೆಂದರೆ ನೀರೇ ಹರಿದಿಲ್ಲವೆಂದು ಮ್ಯಾನೇಜರು ನನ್ನೆದುರೇ ಕಾಕಾರನ್ನು ಕರೆಸಿ, "ಪಂಪ್ ಬಂದ್ ಕರ್ಕೆ ಸೋಯಾ ಥಾ ಕ್ಯಾ? ಕಲ್ ಸೆ ಮತ್ ಆನಾ" ಎಂದು, ಪಂಪು ನಿಲ್ಲಿಸಿ ಮಲಗಿದ ತಪ್ಪಿಗೆ ಕೆಲಸದಿಂದಲೇ ತೆಗೆದರು.

ಕಾಕಾ ನನ್ನ ಮುಖ ನೋಡಿದರು. "ನಾ ಎರಡೂ ಪೈಪ್ ಕೈಲೆ ಮುಟ್ಟೀನ್ರಿ. ಅಷ್ಟ್ ಫರಕ್ ಇದ್ರ ಕೈ ಉಳಿತಿತ್ತೇನ್ರಿ?" ನಾನೋ, "ಕೈ ಸುಳ್ಳು ಹೇಳಬಹುದು, ಲೆಕ್ಕ ಹೇಳೋದಿಲ್ಲ" ಎಂದುಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರದ ಬಿಸಿ

ಕಾಕಾ ನನ್ನ ರಿಪೋರ್ಟು ತಿರುವಿ ಹಿಂದಿನ ಶುಕ್ರವಾರದ ಪುಟ ತೆಗೆದರು. ಎಂಐಡಿಸಿಗೆ ಶುಕ್ರವಾರ ರಜೆ. ಅಂದು ಮೀಟರು ಪರೀಕ್ಷೆಗೆಂದು ನಾನೊಬ್ಬನೇ ಹೋಗಿದ್ದೆ. ಎರಡೂ ಪೈಪು ಒಂದೇ ಸಮ, ಫರಕು ಸೊನ್ನೆ. ಅದಕ್ಕೂ ನಾನು ಶ್ರದ್ಧೆಯಿಂದ ಮೂವತ್ತೆರಡು ಕೂಡಿಸಿದ್ದೆ.

"ಸಾಹೇಬ್ರ, ಶುಕ್ರವಾರ ನಾ ಮನ್ಯಾಗ, ಮಷಿನ್ ಬಂದ್. ಮತ್ತ ಈ ಮೂವತ್ತೆರಡು ಡಿಗ್ರಿ ಯಾರ್ ಕಾಯ್ಸಿದ್ರಿ?"

ಆಗ ನನ್ನ ತಲೆಗೆ ಹೋಯಿತು. ಫರಕಿಗೆ ಗುಣಾಕಾರ ಭಾಗಾಕಾರ ಸಾಕು, ಮೂವತ್ತೆರಡು ಸೇರಿಸಬಾರದು. ತಪ್ಪು ನನ್ನದೆಂದು ಒಪ್ಪಿಕೊಂಡೆ. ಮ್ಯಾನೇಜರು ನಕ್ಕು ಕಾಕಾರನ್ನು ಪಂಪಿಗೆ ಕಳಿಸಿದರು, ನನ್ನನ್ನು ನೋಡಿ ಹಣೆ ಚಚ್ಚಿಕೊಂಡರು.

ಸಂಜೆ ಗೇಟಿನ ಹೊರಗೆ ಕಾಕಾರಿಗೆ ಅರ್ಧ ಗ್ಲಾಸಿನ ಕಟಿಂಗ್ ಚಾ ಕೊಡಿಸಿ ಕ್ಷಮೆ ಕೇಳುತ್ತ ಕೂತೆ. ನನ್ನ ಕ್ಷಮೆ ಮುಗಿಯುವಷ್ಟರಲ್ಲಿ ಚಾ ಆರಿಹೋಗಿತ್ತು. "ಬೇರೆ ಹೇಳಲಾ ಕಾಕಾ?" ಎಂದೆ.

ಕಾಕಾ ಗ್ಲಾಸನ್ನು ನನ್ನ ಮುಂದೆ ಸರಿಸಿದರು. "ಯಾಕ್ರಿ? ಇದಕ್ಕೂ ಮೂವತ್ತೆರಡು ಕೂಡಿಸ್ರಿ, ಬಿಸಿ ಆಗ್ತದ."