ಕಾಕಾನ ಚಾದರವೂ ಪಿಪಿಇ ಕಿಟ್ಟೂ

ನಮ್ಮ ಕಾಕಾನ ಮುಂದೆ ಹೊಸ ಬಟ್ಟೆ ತೊಟ್ಟು ನಿಲ್ಲುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ! ಅಪ್ಪನ ತಮ್ಮನಾದ ಈ ಮಹಾಶಯರಿಗೆ ಶಿಗ್ಗಾಂವಿಯ ಹೊರಗೆ ಚಾದರದ ಕಾರ್ಖಾನೆಯಿತ್ತು. ಹಾನಗಲ್ಲಿನ ಹೆಣ್ಣುಮಕ್ಕಳು ತಮ್ಮ ಹೂವಿನ ಚಾದರವಿಲ್ಲದೆ ಗಂಡನ ಮನೆಗೇ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. (ಅವರೊಬ್ಬರದೇ ನಂಬಿಕೆ!) ಬಟ್ಟೆ ಕಂಡರೆ ಸಾಕು, ಹೊಲಿಗೆ ಹಿಡಿದು ಜಗ್ಗಿ ನೋಡಬೇಕು. ಒಳಗಿರುವವರು ಯಾರೆಂಬುದು ಆಮೇಲಿನ ಮಾತು.

ಹಿರೇಕೆರೂರಿನಿಂದ ನನ್ನನ್ನು ನೋಡಲು ವರ ಬಂದಾಗ ಏನಾಯಿತು ಗೊತ್ತೆ? ಅವಲಕ್ಕಿ ಕೊಡುವ ಮೊದಲೇ ಕಾಕಾ ಹುಡುಗನ ತೋಳು ಹಿಡಿದು ಜಗ್ಗಿದರು. ಚರ್‍ರ್! ಅಂಗಿ ಹೆಗಲಿನಿಂದ ಬಿಚ್ಚಿಕೊಂಡಿತು.

“ಹುಡುಗ ಚೊಲೋ ಅದಾನ. ಅಂಗಿ ಬರೋಬರಿ ಇಲ್ಲ,” ಎಂದು ತೀರ್ಪು ಕೊಟ್ಟರು.

ಆ ಹುಡುಗನೇ ಈಗ ನನ್ನ ಗಂಡ. ಕಾಕಾ ಬರುತ್ತಾರೆಂದರೆ ಇವತ್ತಿಗೂ ಬನಿಯನ್ನಿನಲ್ಲೇ ಕೂಡುತ್ತಾರೆ!

ಕೊರೊನಾ ಬಂತು. ಮದುವೆಗಳು ನಿಂತವು, ಚಾದರ ಕೇಳುವವರಿಲ್ಲ. ನಾನು ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ಕಾಕಾ ಊಟ ಮಾಡುತ್ತಾ ಫೋನಿನಲ್ಲಿ ಕೇಳಿದರು: “ಪೇಶಂಟ್ ಹತ್ರ ಹೋಗಾಕ ಏನ್ ಹಾಕ್ಕೋತೀರವ್ವ?”

“ಕಿಟ್ ಇನ್ನೂ ಬಂದಿಲ್ಲ ಕಾಕಾ. ಸದ್ಯಕ್ಕ ರೇನ್‌ಕೋಟು.”

ಕಾಕಾ ಅರ್ಧ ಊಟಕ್ಕೇ ಎದ್ದರಂತೆ. ಮರುದಿನದಿಂದಲೇ ಚಾದರ ಹೊಲಿಯುವ ಮಷೀನುಗಳ ಮೇಲೆ ಪಿಪಿಇ ಕಿಟ್ ಹೊಲಿಯುವ ಪ್ರಯೋಗ ಶುರು! ಮೊದಲ ಕಿಟ್ಟು ತಾವೇ ತೊಟ್ಟು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತರು. “ನೀರ ಹೊಯ್ರಿ!”

ಮಾಲೀಕನ ಮೇಲೆ ನೀರು ಹೊಯ್ಯುವುದೆ? ಕೆಲಸಗಾರರೆಲ್ಲ ಹಿಂದೆ ಸರಿದರು. ಮಷೀನಿನ ಮೇಲೆ ಕೂಡುವ ಹುಲಗೂರಿನ ಬೀಬಿಜಾನ್ ಮಾತ್ರ, “ಬೈಬ್ಯಾಡ್ರಿ ಮತ್ತ ಮಾಲಕರ್ರ,” ಎಂದು ಕೊಡಗಟ್ಟಲೆ ಹೊಯ್ದಳು, ವರ್ಷಗಟ್ಟಲೆ ಬೈಸಿಕೊಂಡ ಲೆಕ್ಕ ತೀರಿಸುವವಳಂತೆ! ಕಿಟ್ ಬಿಚ್ಚಿದರೆ ಕಾಕಾ ತೊಪ್ಪನೆ ತೊಯ್ದಿದ್ದರು. ಎಲ್ಲರ ಮುಖ ಬಾಡಿತು.

“ಯಾಕ ಅಳು ಮಾರಿ ಮಾಡ್ತೀರಿ? ಇದು ಬೆವರು!” ಎಂದು ಕಾಕಾ ಕುಣಿದಾಡಿದರು.

ಅದೇ ಖುಷಿಯಲ್ಲಿ ಕಿಟ್ ತೊಟ್ಟೇ ಸ್ಕೂಟರ್ ಹತ್ತಿ ಸವಣೂರಿನ ಡಾಕ್ಟರಿಗೆ ತೋರಿಸಲು ಹೊರಟರು. ಕೊರೊನಾದವರು ಯಾರನ್ನೋ ಎತ್ತಿಕೊಂಡು ಹೋಗಲು ಬಂದಿದ್ದಾರೆಂದು ಓಣಿಗೆ ಓಣಿಯೇ ಬಾಗಿಲು ಹಾಕಿಕೊಂಡಿತು. “ಅರ್ಧಾ ಕಿಲೋ ಖಾರಾ ಕಟ್ಟಪಾ ಅಂದ್ರ ತಕ್ಕಡಿ ಒಗದ ಓಡಿದ್ನವ್ವ!” ಎಂದು ಕಾಕಾನಿಗೆ ಇವತ್ತಿಗೂ ದಾರಿಯಲ್ಲಿನ ಆ ಅಂಗಡಿಯವನ ಮೇಲೆ ಮುನಿಸು.

ಕಿಟ್ಟು ಪಾಸಾಯಿತು. ಸುತ್ತಲಿನ ಆಸ್ಪತ್ರೆಗಳಿಗೆಲ್ಲ ಹೋಯಿತು. ಮರುವರ್ಷ ರೋಗ ಕಾಕಾನನ್ನೇ ಹಿಡಿಯಿತು. ನಮ್ಮ ವಾರ್ಡಿಗೇ ತಂದರು. ಜ್ವರ, ಏದುಸಿರು, ಮೂಗಿಗೆ ಆಕ್ಸಿಜನ್ ನಳಿಕೆ. ನಾನು ಇಂಜೆಕ್ಷನ್ ಹಿಡಿದು ಮಂಚದ ಹತ್ತಿರ ಹೋದೆ. ಮಾಸ್ಕು, ಕನ್ನಡಕ, ಮುಸುಕಿನೊಳಗೆ ನನ್ನ ಗುರುತು ನನಗೇ ಸಿಗುತ್ತಿರಲಿಲ್ಲ.

“ಯವ್ವಾ, ಅಲ್ಲೇ ನಿಲ್ಲು!” ಕಾಕಾ ಕೈ ಎತ್ತಿದರು. “ನಿನ್ನ ಬಗಲಾಗ ಹೊಲಿಗಿ ಬಿಚ್ಚೇತಿ. ಯಾವ ಕಳ್ಳ ಹೊಲದಾನ ಇದನ್ನ?”

ಎದೆಯ ಮೇಲೆ ಅವರದೇ ಕಾರ್ಖಾನೆಯ ಲೇಬಲ್ಲು. ಅಂಗೈಯಿಂದ ಮುಚ್ಚಿಕೊಂಡೆ. “ಏನಾಗಂಗಿಲ್ರಿ, ಇಂಜೆಕ್ಷನ್ ಕೊಟ್ಟ ಹೋಗ್ತೇನಿ,” ಎಂದೆ. ದನಿಯೂ ಗುರುತಾಗಲಿಲ್ಲ.

“ಬ್ಯಾಡ. ನಿಮ್ಮನ್ಯಾಗೂ ನಿನ್ನ ದಾರಿ ಕಾಯೋರು ಇರ್ತಾರ. ಬ್ಯಾರೇದು ಹಾಕ್ಕೊಂಡ ಬಾ. ಸೂಜಿ ಆಮ್ಯಾಲ. ನಾ ಎಲ್ಲೂ ಓಡಿ ಹೋಗಂಗಿಲ್ಲ.”

ಇಷ್ಟು ಹೇಳುವುದರೊಳಗೆ ಅವರಿಗೆ ಉಸಿರೇ ಸಾಲದಾಯಿತು. ನಾನು ಓಡಿದೆ. ಬೇರೆ ಕಿಟ್ ತೊಡುವಾಗ ಕಣ್ಣು ಮಂಜಾದವು. ಆ ಕನ್ನಡಕದೊಳಗೆ ಒರೆಸಿಕೊಳ್ಳಲಾದರೂ ಹೇಗೆ ಬರುತ್ತದೆ?

ಕಾಕಾ ಗುಣವಾದರು. ಈಗ ಹೊಲದಲ್ಲಿ ಔಷಧ ಹೊಡೆಯುವವರಿಗೆ ಅಂಗಿ, ಕೈಗವಸು ಹೊಲಿಸುತ್ತಾರೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

“ನಿಮ್ಮ ವಾರ್ಡಿನ್ಯಾಗ ಒಂದ ಹುಡುಗಿ ಇತ್ತವ್ವ. ಅದಕ್ಕ ಜೋರ ಮಾಡಿಬಿಟ್ಟೆ. ಯಾರ ಮಗಳೋ ಏನೋ, ಪಾಪ. ಸಿಕ್ರ ಹೇಳು, ಕಾಕಾನ ಮ್ಯಾಲ ಸಿಟ್ಟಾಗಬ್ಯಾಡ ಅಂತ.”

“ಹೇಳ್ತೇನಿ ಕಾಕಾ,” ಎಂದೆ.