ಅವ್ವನ ಬಾಯಾಗ ನನ್ನ ಹೆಸರು

ಭಾಳ ವಯಸ್ಸಾದವ್ರು ಇದ್ದ ಮನ್ಯಾಗ ನಗಿಗೇನು ಬರ ಇರಂಗಿಲ್ಲ. ನಕ್ಕ ಮ್ಯಾಲ ಯಾಕರೇ ನಕ್ಕೆವೋ ಅನಿಸ್ತದ, ಅದು ಬ್ಯಾರೆ ಮಾತು. ಜೇವರ್ಗ್ಯಾಗ ನಮ್ಮನಿ ಮುಂದಿನ ಖೋಲ್ಯಾಗ ನಾ ಟೇಲರ್ ಅಂಗಡಿ ಇಟ್ಟಿದ್ದೆ. ನಮ್ಮವ್ವನ ಮರವಿನ ಕಾಲ ಎಲ್ಲಾ ಆ ಮಷೀನಿನ ಮುಂದ ಕೂತೇ ನೋಡೇನಿ.

೧. ಹೇಳಬಾರದ ಹೆಸರು

ನನಗ ನಮ್ಮ ಮುತ್ಯಾನ ಹೆಸರಿಟ್ಟಾರ, ಶರಣಪ್ಪ ಅಂತ. ಮುತ್ಯಾ ಅಂದ್ರ ನಮ್ಮಪ್ಪನ ಅಪ್ಪ, ಅವ್ವಗ ಮಾವ. ಮಾವನ ಹೆಸರು ಸೊಸಿ ಹೆಂಗ ಹೇಳ್ಯಾಳು? ಅದಕ್ಕ ತೊಟ್ಟಿಲದಾಗ ಇದ್ದಾಗಿಂದ ಅವ್ವ ನನಗ ‘ಮುತ್ಯಾ’ ಅಂತಲೇ ಕರದಳು. ಓಣ್ಯಾಗ ಉಳಿದ ಅವ್ವಂದಿರು ತಮ್ಮ ಮಕ್ಕಳನ್ನ ಹೆಸರು ಹಿಡಿದು ಕೂಗತಿದ್ರು. ನನಗೂ ಹಂಗ ಒಮ್ಮೆ ಕರೀಲಿ ಅಂತ ಭಾಳ ಆಸೆ ಇತ್ತು. ಕೇಳಿದ್ರ ಅವ್ವ, ‘ಅದೊಂದು ಬಿಟ್ಟು ಬ್ಯಾರೆ ಏನರ ಕೇಳು’ ಅಂತಿದ್ದಳು.

ಮನಿಗಿ ಮಠದ ಅಯ್ಯನೋರು ಬಂದ್ರ ಎಲ್ಲಾರೂ ‘ಶರಣಾರ್ಥಿ’ ಅಂತಿದ್ದೆವು. ಅದರಾಗ ಮಾವನ ಹೆಸರು ಬರ್ತದಂತ ಅವ್ವ ‘ಮಾವಾರಾರ್ಥಿ’ ಅಂತಿದ್ದಳು. ಹೊಸಾ ಅಯ್ಯನೋರೊಬ್ಬರು ಕಕ್ಕಾಬಿಕ್ಕಿಯಾಗಿ, ‘ತಾಯಿ, ನಾ ಯಾವ ಕಡಿಯಿಂದ ನಿನಗ ಮಾವ ಆಗ್ತೇನಿ?’ ಅಂತ ಕೇಳೇಬಿಟ್ರು. ಮುಂದ ನನ್ನ ಹೆಂಡತಿ ಬಂದಳು. ಆಕಿನೂ ಗಂಡನ ಹೆಸರು ಹೇಳಂಗಿಲ್ಲ. ಹಿಂಗಾಗಿ ನಮ್ಮನ್ಯಾಗ ನನ್ನ ಹೆಸರು ಉಳಿದದ್ದು ಅಂಗಡಿ ಬೋರ್ಡಿನ ಮ್ಯಾಲಷ್ಟೇ.

೨. ಮಾವಾರು ಬಂದ್ರು

ತೊಂಬತ್ತರ ಹತ್ರ ಬಂದ ಮ್ಯಾಲ ಅವ್ವಗ ಒಂದೊಂದೇ ಮರಿಯಾಕತ್ತಿತು. ಅಷ್ಟೊತ್ತಿಗೆ ನನ್ನ ತಲಿನೂ ಬೆಳ್ಳಗಾಗಿ, ಮೀಸಿ ಮುತ್ಯಾನ ಹಂಗೇ ಆಗಿತ್ತು. ಒಂದಿನ ನಾ ಒಳಗ ಕಾಲಿಟ್ಟಕೂಡ್ಲೆ ಅವ್ವ ದಡಬಡ ಎದ್ದು, ತಲಿಮ್ಯಾಗ ಸೆರಗ ಹೊತ್ಕೊಂಡು ಬಾಗಿಲ ಮರಿಗಿ ನಿಂತಳು. ‘ಮಾವಾರು ಬಂದ್ರು’ ಅಂದಳು. ಚ್ಯಾಷ್ಟಿ ಮಾಡ್ತಾಳ ಅಂತ ತಿಳಕೊಂಡೆ. ಚ್ಯಾಷ್ಟಿ ಅಲ್ಲ. ಅವತ್ತಿನಿಂದ ನಾ ಆಕಿಗಿ ಮಗ ಆಗಿ ಉಳೀಲಿಲ್ಲ.

ಮರುದಿನ ನನ್ನ ಗೆಳೆಯನೊಬ್ಬ ಪ್ಯಾಂಟಿನ ಅಳತಿ ಕೊಡಾಕ ಬಂದು, ‘ಏ ಶರಣ್ಯಾ’ ಅಂದ. ಒಳಗಿಂದ ಅವ್ವನ ದನಿ ಬಂತು: ‘ಹಿರೇರಿಗಿ ಹಂಗ ಕರೀತಾರೇನು? ಮಾವಾರ, ಅವನ ಬಟ್ಟಿ ಹೊಲೀಬ್ಯಾಡ್ರಿ.’ ಗೆಳೆಯ ಆಮ್ಯಾಲಿಂದ ಅಂಗಡಿಗಿ ಬಂದ್ರ ‘ಶರಣಪ್ಪನೋರ’ ಅಂತಿದ್ದ.

೩. ಅಡಗಿ ಮನ್ಯಾಕಿ

ನನ್ನ ಹೆಸರು ಹೇಳದ ಅವ್ವ ಸೊಸಿ ರೊಟ್ಟಿಗಿ ಮಾತ್ರ ದಿನಾ ಹೆಸರಿಡತಿದ್ದಳು. ದಪ್ಪ ಆತು, ಹರೀತು, ಕರಕಾತು, ಒಟ್ಟ ಛಲೋ ಅಂದದ್ದಿಲ್ಲ. ಈಗ ಒಂದಿನ ನನ್ನ ಹತ್ರ ಬಂದು ಸಣ್ಣ ದನಿಲೆ ಕೇಳಿದಳು: ‘ಮಾವಾರ, ಅಡಗಿ ಮನ್ಯಾಗ ಒಬ್ಬಾಕಿ ಅದಾಳಲ್ರಿ, ಯಾರ್ರಿ ಆಕಿ? ರೊಟ್ಟಿ ಭಾಳ ಛಂದ ಬಡೀತಾಳ. ನನ್ನ ಮಗ ದೊಡ್ಡಂವ ಆದ ಮ್ಯಾಲ ಇಂಥಾಕಿನೇ ತರೋಣ್ರಿ.’

ಹೆಂಡತಿ ಒಳಗಿಂದ ಕೇಳಿ ನಕ್ಕಳು. ಆಮ್ಯಾಲ ಕಣ್ಣಿಗಿ ಸೆರಗ ಹಚ್ಚಿ, ‘ನಾ ಯಾರಂತ ಗೊತ್ತಿದ್ದಾಗ ಈ ಮಾತು ಅಂದಿದ್ರ ಏನಾಗ್ತಿತ್ತು’ ಅಂದಳು. ಅವತ್ತು ಅತ್ತಿ ಸಲುವಾಗಿ ಒಂದು ರೊಟ್ಟಿ ಹೆಚ್ಚಿಗೇ ಬಡದಳು.

೪. ಉಣ್ಣಾಕ ಬಾ

ಒಂದಿನ ಮಧ್ಯಾಹ್ನ ಅವ್ವ ಬಾಗಿಲ ಮರಿಗಿ ನಿಂತು, ‘ಮಾವಾರ, ನಿಮಗೊಂದು ಮಾತು ಕೇಳೂದಿತ್ರಿ’ ಅಂದಳು.

‘ಕೇಳವ್ವ’ ಅಂದೆ. ಮಾವ ಆಗೂದು ನನಗೂ ರೂಢಿ ಆಗಿತ್ತು.

‘ನನ್ನ ಮಗಗ ನಿಮ್ಮ ಹೆಸರೇ ಇಟ್ಟೀವ್ರಿ. ಹೊತ್ತಾತು, ಇನ್ನಾ ಉಣ್ಣಾಕ ಬಂದಿಲ್ಲ. ಮುತ್ಯಾ ಅಂತ ಕೂಗಿದ್ರ ಓಣ್ಯಾಗಿನ ಮುದುಕರೆಲ್ಲಾ ತಿರುಗಿ ನೋಡ್ತಾರ್ರಿ. ನೀವು ಹೂಂ ಅಂದ್ರ ಇವತ್ತೊಮ್ಮೆ ಹೆಸರು ಹಿಡಿದು ಕರೀತೇನ್ರಿ.’

ನನಗ ನಗಿ ಬಂತು, ಮಷೀನ ನಿಲ್ಲಿಸಿದೆ. ‘ಕರದುಬಿಡವ್ವ, ನಂದೇನೂ ಅಡ್ಡಿಲ್ಲ’ ಅಂದೆ.

ಗ್ವಾಡಿ ಹಿಡ್ಕೊಂಡು ಹೊಸ್ತಿಲಕ್ಕ ಬಂದಳು. ಓಣಿ ಕಡಿ ಮಾರಿ ಮಾಡಿ, ‘ಶರಣಪ್ಪಾ, ಲೇ ಶರಣಪ್ಪಾ, ಉಣ್ಣಾಕ ಬಾರೋ ನನ್ನಪ್ಪಾ’ ಅಂತ ಕೂಗಿದಳು.

ಮಷೀನ ಬಿಟ್ಟು ಎದ್ದೆ. ‘ಬಂದೆ ಯವ್ವಾ’ ಅಂದೆ.

ಅವ್ವ ತಿರುಗಿ ನೋಡಿ, ಗಡಬಡಿಸಿ ಸೆರಗ ಮುಂದಕ್ಕ ಎಳಕೊಂಡಳು.

‘ನಿಮಗಲ್ರಿ ಮಾವಾರ, ನೀವು ಕೂಡ್ರಿ. ನನ್ನ ಮಗಗ ಕರದೆ’ ಅಂದಳು.