ತಪ್ಪನ್ನು ಗೋಪ್ಯವಾಗಿ ಒಪ್ಪಿಕೊಳ್ಳುವ ಸರಿಯಾದ ಕ್ರಮ

ರೋಗಿ ಸುರಕ್ಷತಾ ವಿಭಾಗ, ಎಯ್ಟ್ ಮೈಲ್ ಪ್ಲೇನ್ಸ್, ಬ್ರಿಸ್ಬೇನ್
ಸಂಖ್ಯೆ: ರೋಸುವಿ/ಗೋಪ್ಯ/೦೧/೨೦೧೪
ದಿನಾಂಕ: ೧೪-೦೮-೨೦೧೪

ವಿಷಯ: ಡಾ. ನಾಗೇಂದ್ರ ಅವರು ಡಾ. ನಾಗೇಂದ್ರ ಅವರ ಹೆಸರನ್ನು ಬಹಿರಂಗಪಡಿಸಿರುವ ಬಗ್ಗೆ.

ಉಲ್ಲೇಖ: ವೈದ್ಯಕೀಯ ತಪ್ಪುಗಳ ಗೋಪ್ಯ ವರದಿಯನ್ನು ಪ್ರೋತ್ಸಾಹಿಸುವ ಕಾನೂನು (ಪ್ರತಿ ಬೀರುವಿನಲ್ಲಿದೆ, ಬೀಗದ ಕೈ ಗೋಪ್ಯ).

ಸದರಿ ಕಾನೂನಿನನ್ವಯ, ವರದಿ ಮಾಡಿದವರನ್ನು ಶಿಕ್ಷಿಸದೆ ತಪ್ಪಿನಿಂದ ಪಾಠ ಕಲಿಯಬೇಕಾಗಿರುತ್ತದೆ. ಇಂಗ್ಲಿಷಿನಲ್ಲಿ ಹೊರಡಿಸಿದರೆ ಎಲ್ಲರೂ ಓದಿಬಿಡುವ ಸಂಭವವಿರುವುದರಿಂದ ಈ ಸುತ್ತೋಲೆಯನ್ನು ಕನ್ನಡದಲ್ಲಿ ಹೊರಡಿಸಲಾಗಿದೆ.

೧. ದಿನಾಂಕ ೪ರಂದು ಮೂರನೇ ವಾರ್ಡಿನ ರೋಗಿ ಶ್ರೀ ಸತ್ಯನಾರಾಯಣ ಅವರಿಗೆ ಡಾ. ನಾಗೇಂದ್ರ ಅವರು ಔಷಧ ಚಾರ್ಟಿನಲ್ಲಿ ಆರು ಯೂನಿಟ್ ಇನ್ಸುಲಿನ್ ಬರೆದಿದ್ದು, ಯೂನಿಟ್ ಎಂಬುದಕ್ಕೆ ಹಾಕಿದ ಇಂಗ್ಲಿಷಿನ ಒಂಟಿ ‘ಯು’ ಅಕ್ಷರ ಸೊನ್ನೆಯಂತೆ ಕಂಡು, ಆರು ಅರವತ್ತಾಗಿರುತ್ತದೆ. ಸಿರಿಂಜಿಗೆ ಅರವತ್ತು ಎಳೆದಿದ್ದ ನರ್ಸ್ ಸುಲೋಚನಾ ಅವರು ಅನುಮಾನಗೊಂಡು, ಚುಚ್ಚುವ ಮುನ್ನ ವೈದ್ಯರಿಗೆ ಫೋನ್ ಮಾಡಿರುತ್ತಾರೆ. ರೋಗಿ ಬದುಕಿರುವುದರಿಂದ ಘಟನೆ ನಡೆದೇ ಇಲ್ಲವೆಂದು ಪರಿಗಣಿಸಲಾಗಿದೆ.

೨. ಆದಾಗ್ಯೂ ಡಾ. ನಾಗೇಂದ್ರ ಅವರು ಕಾರಿಡಾರಿನಲ್ಲಿ, ಗೋಪ್ಯವಲ್ಲದ ಧ್ವನಿಯಲ್ಲಿ, “ತಪ್ಪು ನಂದೇ ಸುಲೋಚನಾ. ನೀವು ಫೋನ್ ಮಾಡ್ದೇ ಇದ್ದಿದ್ರೆ ಅಂಕಲ್ ಉಳೀತಿರ್ಲಿಲ್ಲ. ಇವತ್ತು ಆರ್ವೋನೇ ರಿಪೋರ್ಟ್ ಬರೆದು ಹಾಕ್ತೀನಿ,” ಎಂದಿರುತ್ತಾರೆ (ಆರ್ವೋ ಎಂಬುದನ್ನು ಮಧ್ಯಾಹ್ನ ಎಂದು ಓದಿಕೊಳ್ಳುವುದು). “ಹೆಸರು ಹಾಕ್ಬೇಡಿ ಸರ್,” ಎಂಬ ನರ್ಸ್ ಅವರ ಸಲಹೆಗೆ, “ಹೇಗಾಯ್ತು ಅಂತ ಮುಂದಿನೋರು ಯಾರನ್ನ ಕೇಳ್ಬೇಕು ಮತ್ತೆ?” ಎಂದು ಉತ್ತರಿಸಿ, ವರದಿಯ ಕೆಳಗೆ ಹೆಸರು ಬರೆದಿರುತ್ತಾರೆ.

೩. ಇದರಿಂದ ತಪ್ಪು ಮಾಡಿದ ವೈದ್ಯರ ಗೋಪ್ಯತೆಗೆ ಧಕ್ಕೆಯಾಗಿದ್ದು, ವರದಿ ಮಾಡಿದ ವೈದ್ಯರು ಅವರಲ್ಲಿ ಲಿಖಿತ ಕ್ಷಮೆ ಕೇಳತಕ್ಕದ್ದು. ವಿಚಾರಣೆ ಮುಗಿಯುವವರೆಗೆ ಇಬ್ಬರೂ ಪರಸ್ಪರ ಮಾತನಾಡುವಂತಿಲ್ಲ.

೪. ಇನ್ನು ಮುಂದೆ ವರದಿಯಲ್ಲಿ ವೈದ್ಯರು, ರೋಗಿ, ಔಷಧ ಹಾಗೂ ತಪ್ಪನ್ನು ನಮೂದಿಸುವಂತಿಲ್ಲ. ಉಳಿದುದನ್ನು ಮುಕ್ತವಾಗಿ ಬರೆಯಬಹುದು.

೫. ವರದಿ ಪೆಟ್ಟಿಗೆಯನ್ನು ನಿರ್ದೇಶಕರ ಮೇಜಿನ ಮೇಲೆ ಇಡಲಾಗಿದೆ. ಗುರುತು ಸಿಗದಂತೆ, ಬರುವವರು ಪುಸ್ತಕದಲ್ಲಿ ಹೆಸರು ಬರೆದು ಮುಖವಾಡ ಪಡೆಯುವುದು.

೬. ಚಾರ್ಟಿನಲ್ಲಿ ‘ಯೂನಿಟ್’ ಎಂಬ ಪದವನ್ನು ಪೂರ್ತಿ ಅಚ್ಚು ಹಾಕಿಸಬೇಕೆಂಬ ವರದಿಯ ಸಲಹೆಯನ್ನು ಪರಿಶೀಲಿಸಲಾಗಿ, ಉಪಯುಕ್ತವೆಂದು ಕಂಡುಬಂದಿದೆ. ಗೋಪ್ಯ ವರದಿಯ ಭಾಗವಾದ್ದರಿಂದ ಅದನ್ನು ಯಾರಿಗೂ ತಿಳಿಸತಕ್ಕದ್ದಲ್ಲ.

೭. ಇಷ್ಟಾಗಿಯೂ ಮೂರನೇ ವಾರ್ಡಿನ ಪ್ರತಿ ಚಾರ್ಟಿನಲ್ಲೂ ‘ಯೂನಿಟ್’ ಎಂದು ಬರೆದ ಚೀಟಿ ಅಂಟಿಸಿರುವುದು ಗಮನಕ್ಕೆ ಬಂದಿದೆ. ಅಂಟಿಸಿದವರು ಯಾರೆಂದು ವಿಚಾರಿಸಲಾಗಿ, ವಾರ್ಡಿನ ಹನ್ನೊಂದು ಮಂದಿಯೂ ಅದು ಗೋಪ್ಯವೆಂದು ಉತ್ತರಿಸಿರುತ್ತಾರೆ.

(ಸಹಿ ಗೋಪ್ಯ)
ನಿರ್ದೇಶಕರು

ಪ್ರತಿಗಳು:
೧. ಡಾ. ನಾಗೇಂದ್ರ, ತಪ್ಪು ಮಾಡಿದವರು.
೨. ಡಾ. ನಾಗೇಂದ್ರ, ವರದಿ ಮಾಡಿದವರು (ಪ್ರತ್ಯೇಕ ಲಕೋಟೆಯಲ್ಲಿ).
೩. ನರ್ಸ್ ಸುಲೋಚನಾ, ಫೋನ್ ಮಾಡಿದ್ದಕ್ಕೆ ಕಾರಣ ನೀಡಲು.
೪. ಪರ್ತ್ ಮತ್ತು ಅಡಿಲೇಡ್ ಶಾಖೆಗಳು, ಓದದೆ ಕಡತಕ್ಕೆ ಸೇರಿಸಲು.
೫. ಶ್ರೀ ಸತ್ಯನಾರಾಯಣ: ಪ್ರತಿ ಅಗತ್ಯವಿಲ್ಲ. ಡಾ. ನಾಗೇಂದ್ರ ಅವರು ಹಾಸಿಗೆಯ ಪಕ್ಕ ಕುಳಿತು ಎಲ್ಲವನ್ನೂ ಈಗಾಗಲೇ ಹೇಳಿರುತ್ತಾರೆ.